ತಲೆದಿಂಬು ಕಾಲಿಗಲ್ಲ: ನರ್ಸಿಂಗ್‌ ಪಾಠ ಬದಲಿಸಿದ ಒಂದು ಪ್ರಶ್ನೆ

ತಲೆಗೆ ಇಟ್ಟುಕೊಳ್ಳುವ ದಿಂಬಿನ ಮೇಲೆ ಕೂತರೆ ನಮ್ಮ ಅಜ್ಜಿಯರು ಸುಮ್ನೆ ಬಿಡುವುದಿಲ್ಲ, ಅಲ್ವಾ? ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲೂ ಹಾಗೆಯೇ. ಅವರಿಗೆ ತಲೆ ‘ತಪು’, ಅಂದರೆ ಪವಿತ್ರ. ತಲೆದಿಂಬನ್ನು ತೆಗೆದು ಕಾಲಡಿಗೆ ಇಡುವಂತಿಲ್ಲ. ಊಟದ ತಟ್ಟೆ ಇಡುವ ಮೇಜಿನ ಮೇಲೆ ಬೆಡ್‌ಪ್ಯಾನ್‌ ಇಡುವಂತಿಲ್ಲ. ಆಸ್ಪತ್ರೆಯ ಗಡಿಬಿಡಿಯಲ್ಲಿ ಈ ಎರಡೂ ತೀರಾ ಸುಲಭವಾಗಿ ಆಗಿಬಿಡುತ್ತವೆ. ಡ್ಯೂಟಿಯಲ್ಲಿರುವ ನರ್ಸ್‌ಗೆ ಅದು ಕೈಗೆ ಸಿಕ್ಕ ದಿಂಬು, ಹತ್ತಿರವಿದ್ದ ಮೇಜು. ಮಂಚದ ಮೇಲೆ ಮಲಗಿದವರಿಗೆ ಅದು ಅವಮಾನ. ಹೀಗೆ ನೊಂದವರು ಬಾಯಿಬಿಟ್ಟು ದೂರು ಹೇಳುವುದು ಕಡಿಮೆ. ಮುಂದಿನ ಸಲ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಬರುವುದನ್ನೇ ಮುಂದೂಡುತ್ತಾರೆ.

ಬೇರೆ ಬೇರೆ ಹಿನ್ನೆಲೆಯ ರೋಗಿಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಇವತ್ತು ನರ್ಸಿಂಗ್‌ ಓದುವವರಿಗೆ ಒಂದು ಪಾಠ. ಅದರ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಹುಡುಕಾಟವಿದೆ. ದೊಡ್ಡ ಜಗಳವೂ ಇದೆ.

ಹುಡುಕಾಟ ಶುರುವಾಗಿದ್ದು ಅಮೆರಿಕದಲ್ಲಿ. ಮೆಡಲಿನ್‌ ಲೈನಿಂಗರ್‌ ನೆಬ್ರಾಸ್ಕ ರಾಜ್ಯದ ಸಟನ್‌ ಎಂಬ ಸಣ್ಣ ಊರಿನವರು. 1950ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ ಮಾನಸಿಕ ತೊಂದರೆಯಿರುವ ಮಕ್ಕಳ ಆರೈಕೆ ಮಾಡುತ್ತಿದ್ದರು. ಎಲ್ಲ ಮಕ್ಕಳಿಗೂ ಒಂದೇ ತರಹದ ಆರೈಕೆ. ಆದರೆ ಬೇರೆ ಬೇರೆ ಸಮುದಾಯದ ಮಕ್ಕಳು ಅದಕ್ಕೆ ಬೇರೆ ಬೇರೆ ರೀತಿ ಸ್ಪಂದಿಸುತ್ತಿದ್ದರು. ಯಾಕೆ ಎಂಬುದಕ್ಕೆ ತಾವು ಕಲಿತ ನರ್ಸಿಂಗ್‌ನಲ್ಲಿ ಅವರಿಗೆ ಉತ್ತರ ಸಿಗಲಿಲ್ಲ. ಅದಕ್ಕಾಗಿ ಮಾನವಶಾಸ್ತ್ರ ಓದಿದರು. ಪಪುವಾ ನ್ಯೂಗಿನಿಯ ಬೆಟ್ಟಗಳಿಗೆ ಹೋಗಿ ಗಾಡ್ಸಪ್‌ ಜನರ ನಡುವೆ ಉಳಿದು, ಅವರು ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಗಮನಿಸಿದರು. 1965ರಲ್ಲಿ ಪಿಎಚ್‌.ಡಿ. ಪಡೆದರು. ಈ ವಿಷಯಕ್ಕೆಂದೇ ನರ್ಸ್‌ಗಳ ಒಂದು ಸಂಘವನ್ನು 1974ರಲ್ಲಿ ಕಟ್ಟಿದರು.

ರೋಗಿಯ ರೂಢಿಗಳ ಜೊತೆ ನರ್ಸ್‌ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಲೈನಿಂಗರ್‌ ಹೇಳಿದ ಮೂರು ದಾರಿಗಳನ್ನು ನಮ್ಮ ಬಾಣಂತನಕ್ಕೆ ಹೊಂದಿಸಿ ನೋಡಿದರೆ ಬೇಗ ಅರ್ಥವಾಗುತ್ತದೆ. ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡರೆ ಯಾರಿಗೂ ತೊಂದರೆ ಇಲ್ಲ. ಅದನ್ನು ಹಾಗೇ ಬಿಡಬೇಕು. ಪಥ್ಯದ ಊಟವೇ ಬೇಕು ಅಂದರೆ ಅಮ್ಮ, ಅತ್ತೆಯರ ಜೊತೆ ಮಾತಾಡಿ, ಆ ಪಥ್ಯದೊಳಗೇ ಸೊಪ್ಪು, ಬೇಳೆ ಜಾಸ್ತಿ ಆಗುವಂತೆ ಹೊಂದಿಸಬೇಕು. ಮಗುವಿಗೆ ಮೊದಲ ಹಾಲು ಕೊಡದೆ ಚೆಲ್ಲುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು ಮಾತ್ರ ಬದಲಾಗಲೇಬೇಕು. ಅದೂ ಗದರಿಸಿ ಅಲ್ಲ, ಜೊತೆಗೆ ಕೂತು, ಒಪ್ಪಿಸಿ.

ಇಷ್ಟು ಒಳ್ಳೆಯ ವಿಚಾರ ತರಗತಿಗೆ ಹೋಗುವ ಹೊತ್ತಿಗೆ ಎಷ್ಟೋ ಕಡೆ ಪಟ್ಟಿಯಾಗಿಬಿಟ್ಟಿತು. ಈ ಜನಾಂಗದವರು ಹೀಗೆ, ಆ ಧರ್ಮದವರು ಹಾಗೆ. ಪಟ್ಟಿ ಬಾಯಿಪಾಠ ಮಾಡಿದರೆ ಸಂಸ್ಕೃತಿ ಗೊತ್ತಾಯಿತು ಎಂಬ ಭಾವನೆ. ಇದನ್ನು ಗಟ್ಟಿಯಾಗಿ ಪ್ರಶ್ನಿಸಿದವರು ಭೂಮಿಯ ಇನ್ನೊಂದು ತುದಿಯ ನರ್ಸ್‌ಗಳು.

ನರ್ಸ್‌ಗಳ ನೋಂದಣಿಗೆ ಪ್ರತ್ಯೇಕ ಕಾಯ್ದೆಯನ್ನು ಮೊದಲು ತಂದ ದೇಶ ನ್ಯೂಜಿಲೆಂಡ್‌. ಅದು 1901ರಲ್ಲಿ. ಆರೇ ವರ್ಷಕ್ಕೆ, 1907ರಲ್ಲಿ, ಅದೇ ದೇಶ ಮಾವೊರಿ ನಾಟಿ ವೈದ್ಯರನ್ನು ಹತ್ತಿಕ್ಕಲು ಇನ್ನೊಂದು ಕಾಯ್ದೆ ತಂದಿತು. 1962ರವರೆಗೂ ಅದು ಜಾರಿಯಲ್ಲಿತ್ತು. ಆ ಕಾಲದಲ್ಲೇ ಆಕೆನೆಹಿ ಹೆಯ್‌ ಎಂಬ ಮಾವೊರಿ ಮಹಿಳೆ 1908ರಲ್ಲಿ ನರ್ಸ್‌ ಆಗಿ ನೋಂದಣಿಯಾದರು. ಟೈಫಾಯ್ಡ್‌ ಬಂದಿದ್ದ ತನ್ನ ಮನೆಯವರನ್ನೇ ನೋಡಿಕೊಳ್ಳುತ್ತ, ಅದೇ ಸೋಂಕು ತಗುಲಿ 1910ರಲ್ಲಿ ತೀರಿಕೊಂಡರು. ಸೇವೆಗೆ ಬಂದು ಎರಡೇ ವರ್ಷ. ಇನ್ನಷ್ಟು ಕಾಲ ಬದುಕಿದ್ದರೆ ಈ ಕಥೆ ಬೇರೆ ದಾರಿ ಹಿಡಿಯುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಮಾವೊರಿ ಭಾಷೆಯಲ್ಲಿ ‘ಫೆನುಅ’ ಎಂಬ ಒಂದೇ ಪದಕ್ಕೆ ಎರಡು ಅರ್ಥ: ನೆಲ ಮತ್ತು ಮಾಸು. ಹೆರಿಗೆಯ ನಂತರ ಬೀಳುವ ಮಾಸನ್ನು ಅವರು ತಮ್ಮ ನೆಲದಲ್ಲಿ ಹೂಳುತ್ತಾರೆ. ಮಗುವಿಗೂ ಆ ಮಣ್ಣಿಗೂ ನಂಟು ಬೆಸೆಯುವುದು ಹಾಗೆ. ಹೊಕ್ಕುಳಬಳ್ಳಿಯ ಸಂಬಂಧ ಅನ್ನುವ ನಮಗೆ, ಹಿತ್ತಲಲ್ಲಿ ಮಾಸು ಹೂತ ಮನೆಗಳನ್ನು ಕಂಡ ನಮಗೆ, ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆರಿಗೆ ಆಸ್ಪತ್ರೆಗೆ ಬಂದ ಮೇಲೆ ಮಾಸು ಕಸದ ಜೊತೆ ಸುಡುವ ವಸ್ತುವಾಯಿತು. ತಾಯಿಯನ್ನು ಒಂದು ಮಾತು ಕೇಳುವ ರೂಢಿಯೇ ಇರಲಿಲ್ಲ.

ಇರಿಹಾಪೆಟಿ ರಾಮ್ಸ್‌ಡೆನ್‌ ಬೆಳೆದದ್ದು ಇಂಥ ದೇಶದಲ್ಲಿ. 1946ರಲ್ಲಿ ಹುಟ್ಟಿದ ಮಾವೊರಿ ಮಹಿಳೆ. ನರ್ಸ್‌ ಆಗಿ ದುಡಿದು, ಆಮೇಲೆ ನರ್ಸಿಂಗ್‌ ಶಿಕ್ಷಣಕ್ಕೆ ಬಂದವರು. 1980ರ ದಶಕದ ಕೊನೆಯಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದ ಒಂದು ಸಭೆಯಲ್ಲಿ ಮಾವೊರಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಒಂದು ಪ್ರಶ್ನೆ ಹಾಕಿದಳು. ಕಾನೂನಿನ ಸುರಕ್ಷತೆ, ಚಿಕಿತ್ಸೆಯ ಸುರಕ್ಷತೆ ಅಂತೆಲ್ಲ ನೀವು ಹೇಳಿಕೊಡುತ್ತೀರಿ, ಸಂಸ್ಕೃತಿಯ ಸುರಕ್ಷತೆಯ ಮಾತೇನು? ರಾಮ್ಸ್‌ಡೆನ್‌ ಆ ಪ್ರಶ್ನೆಯನ್ನು ಬಿಡಲಿಲ್ಲ. ಅದರಿಂದಲೇ ಹುಟ್ಟಿದ್ದು ‘ಕಲ್ಚರಲ್‌ ಸೇಫ್ಟಿ’ ಎಂಬ ವಿಚಾರ.

ಅವರು ನೋಟವನ್ನೇ ತಿರುಗಿಸಿದರು. ರೋಗಿಯ ಆಚಾರಗಳನ್ನು ಹೊರಗೆ ನಿಂತು ಅಭ್ಯಾಸ ಮಾಡಿದರೆ ಸಾಲದು. ನರ್ಸ್‌ ಮೊದಲು ತನ್ನನ್ನೇ ನೋಡಿಕೊಳ್ಳಬೇಕು. ನಾನು ಎಲ್ಲಿಂದ ಬಂದವಳು, ಯಾವುದನ್ನು ಸರಿ ಅಂದುಕೊಂಡಿದ್ದೇನೆ, ಈ ವಾರ್ಡಿನಲ್ಲಿ ನನ್ನ ಕೈಯಲ್ಲಿ ಎಷ್ಟು ಅಧಿಕಾರ ಇದೆ? ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಆರೈಕೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ಹೇಳುವ ಹಕ್ಕು ಆರೈಕೆ ಪಡೆದವರದ್ದು, ಕೊಟ್ಟವರದ್ದಲ್ಲ. ಎಲ್ಲರನ್ನೂ ಒಂದೇ ತರಹ ನೋಡುತ್ತೇನೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದನ್ನೂ ರಾಮ್ಸ್‌ಡೆನ್‌ ಒಪ್ಪಲಿಲ್ಲ. ಒಂದೇ ತರಹ ಅಂದರೆ ಯಾರ ತರಹ?

1992ರಲ್ಲಿ ನ್ಯೂಜಿಲೆಂಡಿನ ನರ್ಸಿಂಗ್‌ ಕೌನ್ಸಿಲ್‌ ಇದನ್ನು ಕಡ್ಡಾಯ ಪಾಠ ಮಾಡಿತು. ಮರುವರ್ಷವೇ ಗಲಾಟೆ. ವಿದ್ಯಾರ್ಥಿನಿಯೊಬ್ಬರ ದೂರು ಪತ್ರಿಕೆಗಳಿಗೆ ಸುದ್ದಿಯಾಯಿತು. ನರ್ಸ್‌ಗಳಿಗೆ ಚುಚ್ಚುಮದ್ದು ಕಲಿಸುವ ಬದಲು ರಾಜಕೀಯ ಕಲಿಸುತ್ತಿದ್ದಾರೆ ಎಂಬಂಥ ಟೀಕೆ ಶುರುವಾಯಿತು. 1995ರಲ್ಲಿ ಸಂಸತ್ತಿನ ಸಮಿತಿಯೇ ವಿಚಾರಣೆಗೆ ಕೂತಿತು. ಪಾಠ ಉಳಿಯಿತು, ಮಾರ್ಗಸೂಚಿ ಮಾತ್ರ ತಿದ್ದುಪಡಿಯಾಯಿತು. ಇವತ್ತಿನ ಮಾರ್ಗಸೂಚಿಯಲ್ಲಿ ಸಂಸ್ಕೃತಿ ಅಂದರೆ ಬುಡಕಟ್ಟು, ಜನಾಂಗ ಅಷ್ಟೇ ಅಲ್ಲ. ವಯಸ್ಸು, ಲಿಂಗ, ಧರ್ಮ, ಬಡತನ, ಅಂಗವೈಕಲ್ಯ, ವಲಸೆ ಬಂದ ಅನುಭವ ಎಲ್ಲವೂ ಸೇರಿವೆ. ರಾಮ್ಸ್‌ಡೆನ್‌ ತಮ್ಮ ಪಿಎಚ್‌.ಡಿ. ಪ್ರಬಂಧ ಮುಗಿಸಿದ್ದು 2002ರಲ್ಲಿ. ಮರುವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡರು.

ಪಟ್ಟಿ ಬಾಯಿಪಾಠ ಮಾಡುವುದರ ಅಪಾಯ ಅಮೆರಿಕದಲ್ಲೂ ಬೆಳಕಿಗೆ ಬಂತು. ಮೆಲನಿ ಟೆರ್ವಲಾನ್‌ ಮತ್ತು ಜಾನ್‌ ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು 1998ರಲ್ಲಿ ಬರೆದ ಲೇಖನದಲ್ಲಿ ಒಂದು ಘಟನೆ ಬರುತ್ತದೆ. ಶಸ್ತ್ರಚಿಕಿತ್ಸೆಯಾದ ಲ್ಯಾಟಿನ್‌ ಮೂಲದ ಹೆಂಗಸು ನರಳುತ್ತಿದ್ದಾಳೆ. ತುಂಬಾ ನೋವಿರುವ ಹಾಗಿದೆ ಎಂದು ವೈದ್ಯರೊಬ್ಬರು ಹೇಳಿದರೆ, ನರ್ಸ್‌ ತಳ್ಳಿಹಾಕುತ್ತಾಳೆ. ಈ ಜನ ನೋವನ್ನು ಜಾಸ್ತಿ ಮಾಡಿ ತೋರಿಸುತ್ತಾರೆ, ಸಂಸ್ಕೃತಿಯ ಪಾಠದಲ್ಲೇ ಕಲಿತಿದ್ದೇನೆ ಅನ್ನುತ್ತಾಳೆ. ಪಾಠವೇ ಅವಳ ಕಿವಿ ಮುಚ್ಚಿತ್ತು. ಬೇಕಾದದ್ದು ‘ಎಲ್ಲ ಗೊತ್ತು’ ಎಂಬ ಸಾಮರ್ಥ್ಯವಲ್ಲ, ಕೇಳಿ ತಿಳಿಯುವ ವಿನಯ ಎಂದು ಆ ಇಬ್ಬರು ವಾದಿಸಿದರು. ಆದರೂ 2017ರಲ್ಲಿ ಪಿಯರ್ಸನ್‌ ಪ್ರಕಾಶನದ ಒಂದು ನರ್ಸಿಂಗ್‌ ಪಠ್ಯದಲ್ಲಿ ಯಾವ ಜನ ನೋವಿಗೆ ಹೇಗೆ ವರ್ತಿಸುತ್ತಾರೆ ಎಂಬ ಅಂಥದ್ದೇ ಪಟ್ಟಿ ಇತ್ತು. ಜನ ಸಿಟ್ಟಾದ ಮೇಲೆ ಪ್ರಕಾಶಕರು ಕ್ಷಮೆ ಕೇಳಿ ಅದನ್ನು ತೆಗೆದರು.

ನಮ್ಮಲ್ಲಿ ಇದು ದೂರದ ಮಾತು ಅನ್ನಿಸಬಹುದು. ಬೆಂಗಳೂರಿನ ಒಂದು ವಾರ್ಡ್‌ ನೆನಪಿಸಿಕೊಳ್ಳಿ. ಸಿಸ್ಟರ್‌ ಕೇರಳದವರೋ ಮಣಿಪುರದವರೋ ಇರಬಹುದು, ರೋಗಿ ವಿಜಯಪುರದವರು. ‘ಹೊಟ್ಟಿ ಕಡ್ಯಾಕ ಹತ್ತೈತಿ’ ಎಂದರೆ ಹೊಟ್ಟೆನೋವು. ಮೈಸೂರು ಕಡೆ ಕಡಿತ ಅಂದರೆ ತುರಿಕೆ. ಕನ್ನಡ ಬಲ್ಲ ನರ್ಸ್‌ಗೇ ಇದು ತಪ್ಪಬಹುದು, ಕನ್ನಡ ಈಗಷ್ಟೇ ಕಲಿಯುತ್ತಿರುವವರ ಪಾಡೇನು? ಅಮೆರಿಕದ ಫ್ಲಾರಿಡಾದಲ್ಲಿ 1980ರಲ್ಲಿ ಇಂಥದ್ದೇ ಒಂದು ಪದ ಒಬ್ಬ ಹುಡುಗನ ಬದುಕನ್ನು ನುಂಗಿತು. ಮನೆಯವರು ಸ್ಪ್ಯಾನಿಷ್‌ನಲ್ಲಿ ‘ಇಂಟಾಕ್ಸಿಕಾಡೊ’ ಅಂದರು. ತಿಂದದ್ದೇನೋ ಆಗಿಬರಲಿಲ್ಲ ಎಂಬ ಅರ್ಥದಲ್ಲಿ. ಆಸ್ಪತ್ರೆಯವರು ಮಾದಕವಸ್ತು ಜಾಸ್ತಿಯಾಗಿದೆ ಎಂದುಕೊಂಡರು. ಆಗಿದ್ದು ಮಿದುಳಿನಲ್ಲಿ ರಕ್ತಸ್ರಾವ. ಹದಿನೆಂಟರ ಹುಡುಗನ ಕೈಕಾಲು ಸ್ವಾಧೀನ ತಪ್ಪಿದವು.

ಸರಿಯಾದ ದಾರಿ ಹಿಡಿದ ಉದಾಹರಣೆಯೂ ನಮ್ಮಲ್ಲಿದೆ. ಡಾ. ಎಚ್‌. ಸುದರ್ಶನ್‌ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಹೊರಗಿನ ನರ್ಸ್‌ಗಳಿಗೆ ಸೋಲಿಗರ ಬಗ್ಗೆ ಪಾಠ ಹೇಳುವುದಕ್ಕೇ ನಿಲ್ಲಲಿಲ್ಲ. ಬುಡಕಟ್ಟಿನ ಹೆಣ್ಣುಮಕ್ಕಳಿಗೇ ನರ್ಸಿಂಗ್‌ ತರಬೇತಿ ಕೊಟ್ಟಿತು. ನನಗೆ ಇದು ಎಲ್ಲಕ್ಕಿಂತ ನೇರವಾದ ಉತ್ತರ ಅನ್ನಿಸುತ್ತದೆ.

ಈಗ ನಮ್ಮ ನರ್ಸ್‌ಗಳೂ ನ್ಯೂಜಿಲೆಂಡಿಗೆ ಕೆಲಸಕ್ಕೆ ಹೋಗುತ್ತಾರೆ. ನೋಂದಣಿಗೂ ಮೊದಲು ಕಲ್ಚರಲ್‌ ಸೇಫ್ಟಿ ಕಲಿಯಬೇಕು. ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ತಲೆದಿಂಬು, ಕಾಲುದಿಂಬುಗಳ ಕವರಿನ ಬಣ್ಣವೇ ಬೇರೆ ಬೇರೆ. ಹೆರಿಗೆಯಾದ ಮೇಲೆ ತಾಯಿಯನ್ನು ಕೇಳುತ್ತಾರೆ, ಮಾಸನ್ನು ಮನೆಗೆ ತೆಗೆದುಕೊಂಡು ಹೋಗುತ್ತೀರಾ ಎಂದು. ಹೂಂ ಅಂದರೆ ಡಬ್ಬಿಗೆ ಹಾಕಿ ಅವರ ಕೈಗೆ ಕೊಡುತ್ತಾರೆ.