ಹಲ್ಲು ಕೀಳಿಸುವ ಮುನ್ನ ಒಂದು ಫೋನ್ ಮಾಡಿ

ಅವರು ಬಾಯಿ ತೆರೆದಾಗ ಕೆಳದವಡೆಯ ಮೂಳೆ ಬರಿಗಣ್ಣಿಗೇ ಕಾಣುತ್ತಿತ್ತು. ನಾಲಿಗೆ ಬುಡದ ಕ್ಯಾನ್ಸರ್‌ಗೆ ನಾಲ್ಕು ವರ್ಷಗಳ ಹಿಂದೆ ಅವರಿಗೆ ರೇಡಿಯೇಶನ್ ಕೊಟ್ಟಿದ್ದೆವು. ಕ್ಯಾನ್ಸರ್ ಪೂರ್ತಿ ಹೋಗಿತ್ತು. ಎಂಟು ತಿಂಗಳ ಹಿಂದೆ ಒಂದು ದವಡೆ ಹಲ್ಲು ನೋಯಲು ಶುರುವಾಯಿತು. ಹತ್ತಿರದ ದಂತವೈದ್ಯರ ಬಳಿ ಹೋಗಿ ಕೀಳಿಸಿಕೊಂಡರು. ರೇಡಿಯೇಶನ್ ಆಗಿತ್ತು ಅಂತ ಇವರು ಹೇಳಲಿಲ್ಲ, ದಂತವೈದ್ಯರೂ ಕೇಳಲಿಲ್ಲ. ಹಲ್ಲು ಕಿತ್ತ ಕುಳಿ ಮುಚ್ಚಲೇ ಇಲ್ಲ.

ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ. ರೇಡಿಯೇಶನ್ ಆದ ಮೇಲೆ ನಮ್ಮನ್ನು ಕೇಳದೆ ಹಲ್ಲು ಕೀಳಿಸಬೇಡಿ ಎಂಬ ಎಚ್ಚರಿಕೆಯನ್ನು ನಾನು ಹೇಳಿದ್ದು ಒಂದೇ ಸಲ, ಅದೂ ಚಿಕಿತ್ಸೆಯ ಕೊನೆಯ ದಿನ. ಏಳು ವಾರ ನರಳಿದವರು ಆ ದಿನ ಮನೆಗೆ ಹೋಗುವ ಖುಷಿಯಲ್ಲಿ ಇರುತ್ತಾರೆ. ನಾಲ್ಕು ವರ್ಷ ಬಿಟ್ಟು ಬರುವ ಹಲ್ಲುನೋವಿನ ಮಾತು ಆಗ ಯಾರ ಕಿವಿಗೂ ಬೀಳುವುದಿಲ್ಲ. ಈಗ ನಾನು ಪ್ರತಿ ತಪಾಸಣೆಯಲ್ಲೂ ಅದನ್ನೇ ಮತ್ತೆ ಹೇಳುತ್ತೇನೆ.

ರೇಡಿಯೇಶನ್‌ನ ಅಡ್ಡಪರಿಣಾಮಗಳು ಎರಡು ಕಾಲದಲ್ಲಿ ಬರುತ್ತವೆ. ಮೊದಲನೆಯವು ಚಿಕಿತ್ಸೆ ನಡೆಯುವಾಗಲೇ ಕಾಣುತ್ತವೆ. ಚರ್ಮ, ಬಾಯಿಯ ಒಳಪದರ, ಕರುಳಿನ ಒಳಪದರ, ಇವುಗಳ ಜೀವಕೋಶಗಳು ಬೇಗ ಬೇಗ ಸಾಯುತ್ತವೆ, ಬೇಗ ಬೇಗ ಹುಟ್ಟುತ್ತವೆ. ಹಾಗಾಗಿ ಪೆಟ್ಟು ಬೇಗ ಕಾಣುತ್ತದೆ, ಬೇಗ ವಾಸಿಯೂ ಆಗುತ್ತದೆ. ಚರ್ಮ ಎರಡು ಮೂರನೇ ವಾರದಲ್ಲಿ ಕೆಂಪಾಗುತ್ತದೆ. ಇಲ್ಲಿ ಒಂದು ವಿಷಯ ತಿಳಿದಿರಲಿ: ಚಿಕಿತ್ಸೆ ನಿಂತ ದಿನವೇ ಉರಿ ನಿಲ್ಲುವುದಿಲ್ಲ. ನಂತರದ ಒಂದೆರಡು ವಾರ ಇನ್ನೂ ಜಾಸ್ತಿಯಾಗಬಹುದು. ಏನೋ ಕೆಟ್ಟಿತು ಅಂತ ಹೆದರಬೇಡಿ. ಸೌಮ್ಯ ಸೋಪು ಹಾಕಿ ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ, ಬಿಸಿಲು ತಾಗಿಸಬೇಡಿ. ಚರ್ಮ ಒಡೆದು ನೀರು ಸುರಿಯುತ್ತಿದ್ದರೆ, ಜ್ವರ ಬಂದರೆ ಮಾತ್ರ ತಡ ಮಾಡದೆ ತೋರಿಸಿ.

ಎರಡನೆಯವು ತಿಂಗಳುಗಳು, ವರ್ಷಗಳು ಕಳೆದ ಮೇಲೆ ಬರುತ್ತವೆ. ನನಗೆ ಜಾಸ್ತಿ ಚಿಂತೆ ಇರುವುದು ಇವುಗಳದ್ದೇ. ರೇಡಿಯೇಶನ್ ಬಿದ್ದ ಜಾಗದಲ್ಲಿ ಸಣ್ಣ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಾ ಹೋಗುತ್ತವೆ. ಮೆತ್ತಗಿದ್ದ ಮಾಂಸದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ತುಂಬಿಕೊಳ್ಳುತ್ತದೆ. ಅಲ್ಲಿಗೆ ರಕ್ತ ಕಡಿಮೆ, ಆಮ್ಲಜನಕವೂ ಕಡಿಮೆ. ದಿನನಿತ್ಯದ ಕೆಲಸಕ್ಕೆ ಅಷ್ಟು ಸಾಕಾಗುತ್ತದೆ, ಅದಕ್ಕೇ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಗಾಯ ವಾಸಿಯಾಗಲು ಎಷ್ಟೋ ಪಟ್ಟು ಜಾಸ್ತಿ ರಕ್ತ ಬೇಕು. ಹಲ್ಲು ಕಿತ್ತಾಗ, ಆಪರೇಶನ್ ಮಾಡಿದಾಗ, ಪರೀಕ್ಷೆಗೆ ಅಂತ ಒಂದು ಚೂರು ಮಾಂಸ ತೆಗೆದಾಗ ಆ ಕೊರತೆ ಬಯಲಾಗುತ್ತದೆ.

ಕೆಳದವಡೆಯ ಮೂಳೆಗೆ ರಕ್ತದ ದಾರಿಗಳು ಮೊದಲೇ ಕಡಿಮೆ. ಮೇಲ್ದವಡೆಗಿಂತ ಇಲ್ಲಿ ತೊಂದರೆ ಜಾಸ್ತಿ ಆಗುವುದು ಅದಕ್ಕೇ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಆರು ಏಳು ವಾರದಲ್ಲಿ 60ರಿಂದ 70 ಗ್ರೇ ಕೊಡುತ್ತೇವೆ (ಗ್ರೇ ಅಂದರೆ ರೇಡಿಯೇಶನ್ ಪ್ರಮಾಣ ಅಳೆಯುವ ಮಾನ). ದವಡೆಗೆ 60 ಗ್ರೇಗಿಂತ ಜಾಸ್ತಿ ಬಿದ್ದಿದ್ದರೆ ಅಪಾಯ ಏರುತ್ತದೆ. ಹತ್ತು ವರ್ಷ ಕಳೆದರೂ ಅದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಉಳಿಯಲಾರದ ಹಲ್ಲುಗಳನ್ನು ರೇಡಿಯೇಶನ್‌ಗೆ ಮೊದಲೇ ತೆಗೆಸಿ, ಎರಡು ಮೂರು ವಾರ ಗಾಯ ಒಣಗಲು ಬಿಡಬೇಕು. ಆಮೇಲೆ ಉಳಿದ ಹಲ್ಲುಗಳನ್ನು ಜೀವನಪೂರ್ತಿ ಜೋಪಾನ ಮಾಡಬೇಕು. ರೇಡಿಯೇಶನ್‌ನಿಂದ ಜೊಲ್ಲು ಕಡಿಮೆಯಾಗುತ್ತದೆ. ಒಣಗಿದ ಬಾಯಲ್ಲಿ ಹುಳುಕು ಎಷ್ಟು ಬೇಗ ಹಬ್ಬುತ್ತದೆ ಅಂದರೆ, ಒಂದೇ ವರ್ಷದಲ್ಲಿ ಇಡೀ ಸಾಲು ಹಾಳಾದವರನ್ನು ನೋಡಿದ್ದೇನೆ. ದಂತವೈದ್ಯರು ಬರೆದುಕೊಡುವ ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಅಥವಾ ಜೆಲ್ ದಿನವೂ ಬೇಕು. ತಂಬಾಕು ಮುಟ್ಟಲೇಬಾರದು. ಹುಳುಕು ಕಂಡರೆ ತುಂಬಿಸಿ, ಬೇರಿನ ಚಿಕಿತ್ಸೆ ಮಾಡಿಸಿ. ಕೀಳುವುದು ಕಟ್ಟಕಡೆಯ ದಾರಿ. ಕೀಳಲೇಬೇಕಾದರೆ ನಿಮ್ಮ ರೇಡಿಯೇಶನ್ ವೈದ್ಯರಿಗೆ ಮೊದಲು ಒಂದು ಫೋನ್ ಮಾಡಿ. ಆ ಹಲ್ಲಿನ ಜಾಗಕ್ಕೆ ಎಷ್ಟು ಗ್ರೇ ಬಿದ್ದಿದೆ ಅಂತ ನಾವು ನಿಮ್ಮ ಚಿಕಿತ್ಸೆಯ ಹಳೆಯ ಪ್ಲಾನ್ ತೆಗೆದು ನೋಡಿ ಹೇಳಬಹುದು.

ಹಲ್ಲು ಕೀಳುವ ಮುನ್ನ ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆ ತೆಗೆದುಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಮೊದಲು ಇದರ ಮೇಲೆ ಬಹಳ ನಂಬಿಕೆ ಇತ್ತು. 2019ರಲ್ಲಿ ಪ್ರಕಟವಾದ ಹೋಪಾನ್ ಎಂಬ ಪ್ರಯೋಗದಲ್ಲಿ ಆಮ್ಲಜನಕ ಪಡೆದವರಿಗೂ ಪಡೆಯದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು ಆರು ಜನರಿಗೆ ಮೂಳೆಯ ತೊಂದರೆ ಬಂತು. ಹಾಗಾಗಿ ಎಲ್ಲರಿಗೂ ಸುಮ್ನೆ ಅದನ್ನು ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ. ರೇಡಿಯೇಶನ್ ನಂತರ ಮೂತ್ರಕೋಶದಿಂದ ಪದೇ ಪದೇ ರಕ್ತ ಬರುವವರಿಗೆ ಇದೇ ಚಿಕಿತ್ಸೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಬಾಯಿ ತೆರೆಯುವುದು ಕಡಿಮೆಯಾಗುವುದು ಇನ್ನೊಂದು ಕಾಟ. ಅಗಿಯುವ ಸ್ನಾಯುಗಳಲ್ಲಿ ನಾರು ತುಂಬಿ ಬಿಗಿಯಾಗುತ್ತದೆ. ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ 35 ಮಿಲಿಮೀಟರ್‌ಗಿಂತ ಕಡಿಮೆ ಜಾಗ ಇದ್ದರೆ ಅದನ್ನು ತೊಂದರೆ ಎಂದೇ ಲೆಕ್ಕ ಹಾಕುತ್ತೇವೆ. ಮನೆಯಲ್ಲಿ ಅಳತೆ ಸುಲಭ. ಮೂರು ಬೆರಳು ಒಂದರ ಮೇಲೊಂದು ಸೇರಿಸಿ ಹಲ್ಲುಗಳ ನಡುವೆ ಹಿಡಿಸುತ್ತದಾ ನೋಡಿ. ತಿಂಗಳಿಗೊಮ್ಮೆ ನೋಡಿ ಬರೆದಿಡಿ. ಬಾಯಿ ತೆರೆಯುವ ವ್ಯಾಯಾಮವನ್ನು ಬಿಗಿಯಾಗುವ ಮೊದಲೇ ಶುರುಮಾಡಬೇಕು. ಒಮ್ಮೆ ಗಟ್ಟಿಯಾದ ನಾರನ್ನು ಸಡಿಲ ಮಾಡುವುದು ಬಹಳ ಕಷ್ಟ. ಸ್ತನ ಕ್ಯಾನ್ಸರ್ ಚಿಕಿತ್ಸೆ ಆದವರ ಭುಜಕ್ಕೂ ಇದೇ ಮಾತು. ಕೈಯಲ್ಲಿ ಬಾವು ಶುರುವಾದರೆ, ಉಂಗುರ ಅಥವಾ ತೋಳು ಬಿಗಿ ಅನ್ನಿಸಿದ ದಿನವೇ ಬನ್ನಿ. ಆಗ ಅದನ್ನು ಹಿಡಿತದಲ್ಲಿಡುವುದು ಸುಲಭ.

ಹೆಂಗಸರು ಕೇಳಲು ಸಂಕೋಚಪಡುವ, ವೈದ್ಯರೂ ಹೇಳದೇ ಬಿಡುವ ಒಂದು ವಿಷಯವಿದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಶನ್ ಆದ ಮೇಲೆ ಯೋನಿಯ ಗೋಡೆಗಳು ಒಣಗಿ, ಕುಗ್ಗಿ, ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ತಡೆಯಲು ಡೈಲೇಟರ್ ಎಂಬ ನಯವಾದ ಕೊಳವೆ ಸಿಗುತ್ತದೆ. ಉರಿ ಆರಿದ ಮೇಲೆ ಜೆಲ್ ಹಚ್ಚಿ ವಾರಕ್ಕೆ ಎರಡು ಮೂರು ಸಲ, ಕೆಲವು ನಿಮಿಷ ಬಳಸಬೇಕು. ಗಂಡಹೆಂಡಿರ ಸಂಬಂಧ ಇಲ್ಲದವರಿಗೂ ಇದು ಬೇಕು. ದಾರಿ ಮುಚ್ಚಿಹೋದರೆ ಮುಂದೆ ಒಳಗೆ ಪರೀಕ್ಷೆ ಮಾಡಲು ನಮಗೆ ಆಗುವುದಿಲ್ಲ. ಕ್ಯಾನ್ಸರ್ ಮರಳಿದರೂ ಗೊತ್ತಾಗುವುದು ತಡವಾಗುತ್ತದೆ. ನಿಮ್ಮ ವೈದ್ಯರು ಈ ಮಾತು ಎತ್ತದಿದ್ದರೆ ದಯವಿಟ್ಟು ನೀವೇ ಎತ್ತಿ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಶನ್ ಆದವರಿಗೆ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ. ರೇಡಿಯೇಶನ್‌ನಿಂದಲೇ ಅಂತಲೂ ಸುಮ್ಮನಿರಬೇಡಿ. ಒಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು. ರೇಡಿಯೇಶನ್‌ನ ಕಾರಣ ಖಚಿತವಾದರೆ, ಸ್ವಲ್ಪ ಸ್ವಲ್ಪ ರಕ್ತ ಬರುವುದು ಎಷ್ಟೋ ಜನರಿಗೆ ತಾನಾಗಿ ನಿಲ್ಲುತ್ತದೆ. ನಿಲ್ಲದವರಿಗೆ ಸುಕ್ರಾಲ್ಫೇಟ್ ಎನಿಮಾ (ಗುದದ್ವಾರದಿಂದ ಒಳಗೆ ಬಿಡುವ ಔಷಧಿ) ಇದೆ, ಆರ್ಗಾನ್ ಅನಿಲದಿಂದ ರಕ್ತನಾಳ ಮುಚ್ಚುವ ವಿಧಾನ ಇದೆ. ಪ್ರಾಸ್ಟೇಟ್‌ಗೆ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಗೆ, ರೇಡಿಯೇಶನ್ ಆದವರು ಕ್ಯಾಮೆರಾ ಪರೀಕ್ಷೆಗೆ ಮೊದಲು ಅದನ್ನು ಹೇಳಲೇಬೇಕು. ಗುದನಾಳದ ಮುಂಭಾಗದ ಗೋಡೆಯಿಂದ ಚೂರು ತೆಗೆದರೆ ಆ ಗಾಯ ವಾಸಿಯಾಗದೆ ಮೂತ್ರನಾಳದ ಕಡೆಗೆ ತೂತಾಗಬಹುದು. ಬಾಯಲ್ಲಿ ಹಲ್ಲು ಕಿತ್ತಾಗ ಆದ ಕಥೆಯೇ ಇಲ್ಲೂ ಆಗುತ್ತದೆ ಅಲ್ವಾ?

ಎದೆಗೆ ರೇಡಿಯೇಶನ್ ಆದವರು ಮೊದಲ ಆರು ತಿಂಗಳು ಒಣಕೆಮ್ಮಿನ ಮೇಲೆ ಕಣ್ಣಿಡಿ. ಜೊತೆಗೆ ಏದುಸಿರು, ಸಣ್ಣ ಜ್ವರ ಇದ್ದರೆ ಅದು ಶ್ವಾಸಕೋಶದ ಉರಿಯೂತ ಇರಬಹುದು. ಸೋಂಕಿನ ಹಾಗೇ ಕಾಣುವುದರಿಂದ ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ಕೊಟ್ಟು ವಾರಗಳು ಹೋಗಿಬಿಡುತ್ತವೆ. ಜಾಸ್ತಿ ಇದ್ದವರಿಗೆ ಬೇಕಾದದ್ದು ಸ್ಟೀರಾಯ್ಡ್. ಅದನ್ನು ಒಮ್ಮೆಲೇ ನಿಲ್ಲಿಸಬಾರದು, ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ಕುತ್ತಿಗೆಗೆ ಆದವರು ಆರು ತಿಂಗಳಿಂದ ವರ್ಷದೊಳಗೆ ಒಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುತ್ತಿರಿ. ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು, ಇದನ್ನೆಲ್ಲ ಕ್ಯಾನ್ಸರ್‌ನ ಉಳಿಕೆ ಅಂದುಕೊಂಡು ಕೊರಗುವವರು ಬಹಳ. ದಿನಕ್ಕೊಂದು ಮಾತ್ರೆಯಲ್ಲಿ ಸರಿಹೋಗುವ ವಿಷಯ ಅದು. ಚಿಕಿತ್ಸೆಯಾದ ಕೆಲವು ತಿಂಗಳಿಗೆ ಕತ್ತು ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟ್ ಹೊಡೆದ ಹಾಗೆ ಆಗುವುದೂ ಉಂಟು. ಸಾಮಾನ್ಯವಾಗಿ ತಾನೇ ಹೋಗುತ್ತದೆ, ಆದರೂ ನಮಗೆ ತಿಳಿಸಿ.

ಇನ್ನು ಒಂದು ಕಾಗದದ ಮಾತು. ಚಿಕಿತ್ಸೆ ಮುಗಿದಾಗ ಆಸ್ಪತ್ರೆಯಿಂದ ಚಿಕಿತ್ಸೆಯ ಸಾರಾಂಶ (ಸಮ್ಮರಿ) ಬರೆಸಿಕೊಳ್ಳಿ. ಯಾವ ಜಾಗ, ಯಾವ ಬದಿ, ಒಟ್ಟು ಎಷ್ಟು ಗ್ರೇ, ಎಷ್ಟು ದಿನ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಜೊತೆಗೆ ಕೀಮೋ ಕೊಟ್ಟಿದ್ದರೆ ಯಾವ ಔಷಧಿ, ಇಷ್ಟೂ ಅದರಲ್ಲಿ ಇರಬೇಕು. ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರಿಗೂ ಕಳಿಸಿ. ನಮ್ಮಲ್ಲಿ ಅನೇಕರು ರೇಡಿಯೇಶನ್‌ಗೆ "ಕರೆಂಟ್ ಕೊಟ್ಟರು" ಅನ್ನುತ್ತಾರೆ. ನನಗೆ ಅರ್ಥವಾಗುತ್ತದೆ. ಆದರೆ ದಂತವೈದ್ಯರು ಅದನ್ನು ಫಿಸಿಯೊಥೆರಪಿಯ ಕರೆಂಟ್ ಅಂದುಕೊಳ್ಳಬಹುದು. ಕ್ಯಾನ್ಸರ್‌ಗೆ ರೇಡಿಯೇಶನ್ ಆಗಿದೆ ಎಂದು ಬಿಡಿಸಿ ಹೇಳಿ. ದವಡೆ ಮೂಳೆ ಕಂಡಿದ್ದ ಆ ರೋಗಿಯೂ ಅಂದು ಕುರ್ಚಿಯಲ್ಲಿ ಕೂತು, "ಗಂಟಲಿಗೆ ಏನೋ ಆಗಿತ್ತು, ಈಗ ಪೂರ್ತಿ ಗುಣವಾಗಿದೆ" ಎಂದಷ್ಟೇ ಹೇಳಿದ್ದರಂತೆ.