ಇಲಿಯ ರಕ್ತದಲ್ಲಿ ಒಂದಿಷ್ಟು ಮಸಿ

ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯನ್ನು ನೀವೂ ನೋಡಿರುತ್ತೀರಿ. ಹೃದಯದ ಆಕಾರದ ಎಲೆ, ದಾರದ ಹಾಗೆ ಜೋತುಬಿದ್ದ ಬೇರು. ಕೋವಿಡ್ ಸಮಯದಲ್ಲಿ ನಮ್ಮ ಬೀದಿಯಲ್ಲಿ ಅದರ ಒಂದು ಗೇಣು ಕಾಂಡವೂ ಉಳಿಯಲಿಲ್ಲ. ‘ಇಮ್ಯೂನಿಟಿ ಜಾಸ್ತಿ ಆಗುತ್ತೆ’ ಎಂದು ಎಲ್ಲರೂ ಕಷಾಯ ಕುಡಿದರು. ಜಾಸ್ತಿ ಆಯಿತು ಅಂತ ಗೊತ್ತಾಗುವುದು ಹೇಗೆ?

ಅದಕ್ಕೊಂದು ಹಳೆಯ ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಬಿಳಿ ಇಲಿಗೆ ಕೆಲವು ದಿನ ಗಿಡದ ಸಾರ ಕುಡಿಸುತ್ತಾರೆ. ಆಮೇಲೆ ಬಾಲದ ರಕ್ತನಾಳಕ್ಕೆ ಕಪ್ಪು ಮಸಿ ಚುಚ್ಚುತ್ತಾರೆ. ಮಸಿ ಅಂದರೆ ಕಾಡಿಗೆಯಂಥ ನುಣುಪಾದ ಇಂಗಾಲ. ದೇಹಕ್ಕೆ ಅದು ಕಸ. ಲಿವರ್ ಮತ್ತು ಗುಲ್ಮದಲ್ಲಿ (ಸ್ಪ್ಲೀನ್) ಕಾದು ಕೂತ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಅದನ್ನು ಹಿಡಿದು ನುಂಗುತ್ತವೆ. ಕಾಲು ಗಂಟೆಯೊಳಗೆ ಆಗಾಗ ಒಂದೊಂದು ಹನಿ ರಕ್ತ ತೆಗೆದು, ವಾಷಿಂಗ್ ಸೋಡಾ ಕರಗಿಸಿದ ನೀರಿಗೆ ಬೆರೆಸುತ್ತಾರೆ. ಕೆಂಪು ಕಣಗಳು ಒಡೆದು ಕರಗುತ್ತವೆ. ಅದರೊಳಗೆ ಕೆಂಪು ಬೆಳಕು ಹಾಯಿಸಿ, ಎಷ್ಟು ಕಪ್ಪು ಉಳಿದಿದೆ ಎಂದು ಅಳೆಯುತ್ತಾರೆ. ಮೊದಲ ಹನಿ ಗಾಢ, ಕೊನೆಯದು ಮಾಸಲು. ಸಾರ ಕುಡಿದ ಇಲಿಯಲ್ಲಿ ಕಪ್ಪು ಬೇಗ ಮಾಸಿದರೆ, ಅದರ ಕೋಶಗಳ ಹಸಿವು ಹೆಚ್ಚಿದೆ ಅಂತ ಲೆಕ್ಕ.

ಸುಮ್ನೆ ಮಸಿ ನುಂಗಿದರೆ ಸಾಲದು, ರೋಗಾಣುವನ್ನೂ ನುಂಗಬೇಕು ಅಲ್ವಾ? ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಶರದಿನಿ ಡಹಾಣೂಕರ್ ಮತ್ತು ಸಂಗಡಿಗರು ಇದನ್ನೂ ನೋಡಿದರು. 1992ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿದ ಇಲಿಗಳಿಗೆ ಅಮೃತಬಳ್ಳಿ ಕೊಟ್ಟಾಗ ರಕ್ತದಿಂದ ಬ್ಯಾಕ್ಟೀರಿಯಾ ಚೆನ್ನಾಗಿಯೇ ಖಾಲಿಯಾಯಿತು. ಆದರೆ ದೇಹದ ಹೊರಗೆ, ಬ್ಯಾಕ್ಟೀರಿಯಾ ಜೊತೆ ಅದೇ ಸಾರ ಬೆರೆಸಿದರೆ ಅವು ಸಾಯಲೇ ಇಲ್ಲ! ಕೊಂದದ್ದು ಬಳ್ಳಿಯಲ್ಲ, ಇಲಿಯದೇ ಬಿಳಿ ರಕ್ತಕಣಗಳು. ಬಳ್ಳಿ ಅವುಗಳನ್ನು ಎಬ್ಬಿಸಿತ್ತು, ಅಷ್ಟೇ.

ಎಬ್ಬಿಸುವುದು ಹೇಗೆ? ಬಳ್ಳಿಯ ಕಾಂಡದಲ್ಲಿ ಸಕ್ಕರೆಯ ಉದ್ದನೆಯ ಸರಪಳಿಗಳಿವೆ. ಅಂಥ ಒಂದು ಸರಪಳಿ ಮ್ಯಾಕ್ರೋಫೇಜ್ ಮೇಲಿನ ಟಿಎಲ್ಆರ್4 ಎಂಬ ಗ್ರಾಹಕವನ್ನು, ಅಂದರೆ ರೋಗಾಣು ಬಂದದ್ದನ್ನು ಕೋಶಕ್ಕೆ ತಿಳಿಸುವ ಪ್ರೋಟೀನನ್ನು, ಹಿಡಿದುಕೊಳ್ಳುತ್ತದೆ. ಇ. ಕೊಲೈಯಂಥ ಬ್ಯಾಕ್ಟೀರಿಯಾದ ಹೊರಕವಚವನ್ನು ಗುರುತಿಸುವುದೂ ಅದೇ ಗ್ರಾಹಕ. ಶತ್ರು ಬಾರದಿದ್ದರೂ ಬಂದನೆಂದು ಕೋಶ ಎದ್ದು ಕೂರುತ್ತದೆ.

ನನ್ನ ಆತಂಕ ಇರುವುದೂ ಇಲ್ಲೇ. ತನ್ನ ದೇಹವನ್ನೇ ಕಚ್ಚುವ ರೋಗನಿರೋಧಕ ಶಕ್ತಿ ಇರುವವರಲ್ಲಿ ಅದನ್ನು ಇನ್ನಷ್ಟು ಕೆರಳಿಸಬಾರದು. 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಇಂಥದ್ದೇ ಲಕ್ಷಣದ ಲಿವರ್ ತೊಂದರೆಯನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ರುಮಟಾಯ್ಡ್ ಸಂಧಿವಾತ; ಅದೂ ರೋಗನಿರೋಧಕ ಶಕ್ತಿ ತನ್ನ ದೇಹವನ್ನೇ ಕಚ್ಚುವ ರೋಗ. ಬೆರಳ ಗಿಣ್ಣುಗಳೆಲ್ಲ ಊದಿವೆ. ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿಯುತ್ತಿದ್ದರು. ‘ಡಾಕ್ಟರನ್ನ ಒಂದು ಮಾತು ಕೇಳಿ ಅಜ್ಜಿ, ಅಲ್ಲಿವರೆಗೂ ಬೇಡ’ ಎಂದು ಹೇಳಿ ಬಂದೆ.