ಬಡಗಿಗಳು ಕಟ್ಟಿದ ವಿಮಾನ, ಕಾಮಾಲೆ ತಂದ ಬಣ್ಣ

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧಕ್ಕೆಂದು ಬ್ರಿಟನ್ನಿನ ಸೇನೆಯ ವಿಮಾನ ದಳ ರಾಯಲ್ ಫ್ಲೈಯಿಂಗ್ ಕೋರ್ ಫ್ರಾನ್ಸಿಗೆ ಹೊರಟಾಗ ಅದರ ಹತ್ತಿರ ಇದ್ದದ್ದು ಅರವತ್ತು ಚಿಲ್ಲರೆ ವಿಮಾನ. ಯುದ್ಧ ಮುಗಿಯುವಷ್ಟರಲ್ಲಿ ಆ ದೇಶ ಸುಮಾರು 55,000 ವಿಮಾನ ಕಟ್ಟಿತ್ತು. ಇಷ್ಟನ್ನು ಕಟ್ಟಿದವರು ಯಾರು? ಬಹಳಷ್ಟು ಮಂದಿ ಬಡಗಿಗಳು, ಹೊಲಿಗೆ ಬಲ್ಲ ಹೆಂಗಸರು.

ಆಗಿನ ವಿಮಾನಕ್ಕೆ ಸ್ಪ್ರೂಸ್ ಮರದ ಚೌಕಟ್ಟು, ಮೇಲೆ ಐರ್ಲೆಂಡಿನ ಲಿನನ್ ಬಟ್ಟೆ. ಎಂಜಿನ್, ತಂತಿ ಬಿಟ್ಟರೆ ಲೋಹ ಕಮ್ಮಿ. ಹಾಗಾಗಿ ಮರಗೆಲಸದ ಕಂಪನಿಗಳಿಗೂ ಆರ್ಡರ್ ಹೋಯಿತು. ನಾರ್ವಿಚ್‌ನ ಬೌಲ್ಟನ್ ಅಂಡ್ ಪಾಲ್ ಮರದ ಮನೆ, ತಂತಿ ಬಲೆ ಮಾಡಿಕೊಂಡಿದ್ದ ಕಂಪನಿ. 1915ರಲ್ಲಿ ವಿಮಾನಕ್ಕೆ ಕೈ ಹಾಕಿದ್ದು, ಸಾಪ್‌ವಿತ್ ಕಂಪನಿ ರೂಪಿಸಿದ ಕ್ಯಾಮೆಲ್ ಎಂಬ ಯುದ್ಧವಿಮಾನ ಒಂದನ್ನೇ 1,500ಕ್ಕೂ ಜಾಸ್ತಿ ಕಟ್ಟಿಕೊಟ್ಟಿತು. ಇನ್ನು ಸಾಪ್‌ವಿತ್‌ನವರದ್ದೇ ಕಾರ್ಖಾನೆ ಶುರುವಾಗಿದ್ದು ಕಿಂಗ್‌ಸ್ಟನ್ನಿನ ಹಳೇ ಸ್ಕೇಟಿಂಗ್ ಅಂಗಳದಲ್ಲಿ!

ಕಷ್ಟ ಇದ್ದದ್ದು ಬಟ್ಟೆ ಹೊದಿಸಿದ ಮೇಲೆ. ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ, ಅಲ್ವಾ? ರೆಕ್ಕೆಯ ಬಟ್ಟೆಗೂ ಅಂಥದ್ದೇ ಬಿಗಿ ಬೇಕು. ಅದಕ್ಕೆ 'ಡೋಪ್' ಬಳಿಯುತ್ತಿದ್ದರು. ಸೆಲ್ಯುಲೋಸ್ ಅಸಿಟೇಟ್ ಕರಗಿಸಿದ ದ್ರವ ಅದು. ಬ್ರಷ್‌ನಲ್ಲಿ ಒಂದು ಕೈ, ಒಣಗಿದ ಮೇಲೆ ಮತ್ತೊಂದು ಕೈ. ಒಣಗುತ್ತಾ ಬಟ್ಟೆ ಸೆಳೆದುಕೊಳ್ಳುತ್ತದೆ.

ಅದನ್ನು ಕರಗಿಸಲು ಮೊದಮೊದಲು ಬಳಸಿದ್ದು ಟೆಟ್ರಾಕ್ಲೋರೋಈಥೇನ್. ಥಂಡಿಗೆ ಡೋಪ್ ಕೆಡುತ್ತದೆ ಎಂದು ಕೋಣೆಯನ್ನು ಬೆಚ್ಚಗೆ ಇಡಬೇಕು. ಆವಿ ಅಲ್ಲೇ ತುಂಬಿಕೊಳ್ಳುತ್ತಿತ್ತು. ಕೆಲಸದವರಿಗೆ ಮೊದಲು ಸುಸ್ತು, ವಾಕರಿಕೆ. ಆಮೇಲೆ ಕಣ್ಣು ಹಳದಿ. ಕುಡಿತದಿಂದಲ್ಲ, ಬ್ರಷ್ ಹಿಡಿದದ್ದರಿಂದ ಲಿವರ್ ಕೆಡುತ್ತಿತ್ತು. ಬರ್ಲಿನ್ ಹತ್ತಿರದ ಯೊಹಾನಿಸ್ಟಾಲ್‌ನಲ್ಲಿ ಇಂಥ ಕಾಯಿಲೆ ಕಂಡಿತ್ತು. 1914ರಲ್ಲಿ ಲಂಡನ್ನಿನ ಹೆಂಡನ್‌ನಲ್ಲೂ ಕಂಡಿತು. ಸತ್ತವರೂ ಇದ್ದರು. ಪೈಲಟ್‌ಗಳ ಕಥೆ ಎಷ್ಟು ಹೇಳಿದ್ದೇವೆ! ಡೋಪ್ ಕೋಣೆಯ ಕಥೆ ಯಾರಿಗೆ ಗೊತ್ತು?

ಈ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಸುಮ್ನೆ ಮೇಲಿನ ಕಿಟಕಿ ತೆರೆದರೆ ಸಾಲದು, ಫ್ಯಾನ್ ಕೆಳಗೇ ಇರಬೇಕು. ಬೇರೆ ದ್ರಾವಕ ಹುಡುಕಿದರೆ ಸಿಗುವ ಅಸಿಟೋನ್‌ಗೆ, ಗುಂಡು ಹಾರಿಸುವ ಕಾರ್ಡೈಟ್ ಮದ್ದು ಮಾಡುವವರೂ ಕಾಯುತ್ತಿದ್ದರು. ಆದರೂ ಯುದ್ಧ ಮುಗಿಯುವ ಮೊದಲೇ ಬ್ರಿಟನ್ನಿನ ಕಾರ್ಖಾನೆಗಳು ಟೆಟ್ರಾಕ್ಲೋರೋಈಥೇನನ್ನು ಕೈಬಿಟ್ಟವು. ಅದಕ್ಕೆ ಒಂದು ಗುಣವಿತ್ತು, ಬೆಂಕಿ ಹಿಡಿಯುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ ಅಸಿಟೋನ್‌ನಂಥವು ಒಂದು ಕಿಡಿಗೇ ಹೊತ್ತಿಕೊಳ್ಳುತ್ತಿದ್ದವು.